ಫಕ್ಕೀರವ್ವನ ಕೊಪ್ಪರಿಗೆ

ವರದಾ ತಂಡದ ಅಂಗಳ, ಹಾವೇರಿ
ಫೆಬ್ರವರಿ ೩೦, ೨೧೭೮

ಫಕ್ಕೀರವ್ವ ಸವಣೂರ ಅವರಿಗೆ, ನಿಮ್ಮ ಐದನೆಯ ತಲೆಮಾರಿನ ದ್ಯಾಮವ್ವ ಮಾಡುವ ಶರಣು.

ಮೊದಲು ಮೇಲಿನ ತಾರೀಖಿಗೆ ಕ್ಷಮೆ ಇರಲಿ. ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತು ಎಂದು ನೀವು ನಗುತ್ತೀರಿ. ಎಲ್ಲ ತಿಂಗಳಿಗೂ ಸಮಪಾಲು ಸಿಗಬೇಕೆಂದು ಯಾರೋ ಹಟ ಹಿಡಿದು, ನನ್ನ ಅಜ್ಜಿಯ ಕಾಲದಲ್ಲಿ ಹಾಗೆ ಮಾಡಿಸಿದರು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಸೇರಿಸಿ ರಜೆ ಕೊಟ್ಟಿದ್ದಾರೆ. ಆ ರಜೆಯ ಸಂಬಳ ಯಾರು ಕೊಡಬೇಕೆಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಭಾಷೆಗೂ ಕ್ಷಮೆ ಬೇಕು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳ ಕ್ರೀಡಾಪುಟ ಓದಿ ಕಲಿತವಳು. ಎಲ್ಲಾದರೂ ಬಾಯಿತಪ್ಪಿ ನಿಮ್ಮನ್ನು ಮಿಂಚಿನ ದಾಳಿಗಾರ್ತಿ ಎಂದುಬಿಟ್ಟರೆ ಸಹಿಸಿಕೊಳ್ಳಿ. ಆಡುವ ಮಾತು ಮಾತ್ರ ನಮ್ಮ ಕಡೆ ಹೆಚ್ಚು ಬದಲಾಗಿಲ್ಲ. ಬೈಗುಳವಂತೂ ಒಂದಕ್ಷರವೂ ಬದಲಾಗಿಲ್ಲ.

ಇನ್ನೊಂದು ತೊಡಕಿದೆ. ಈ ಪತ್ರ ಓದುವಾಗ ನಿಮಗೆ ಇಪ್ಪತ್ತೆಂಟು ಇರಬೇಕು. ನನಗೆ ಮೂವತ್ತನಾಲ್ಕು. ನಿಮ್ಮನ್ನು ಅಜ್ಜಿ ಎನ್ನಲೋ ತಂಗಿ ಎನ್ನಲೋ ತಿಳಿಯದೆ ಎರಡು ದಿನ ಒದ್ದಾಡಿ, ಕೊನೆಗೆ ಅಜ್ಜಿ ಎಂದೇ ಇಟ್ಟುಕೊಂಡಿದ್ದೇನೆ. ಸಿಟ್ಟಾಗಬೇಡಿ.

ಪತ್ರ ನಿಮಗೆ ತಲುಪುವುದು ಹಿಂದಂಚೆಯಿಂದ. ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆಗೆ ನಾವು ಹಾಗೆನ್ನುತ್ತೇವೆ. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ತಲುಪುತ್ತದೆಂಬ ಭರವಸೆಯನ್ನು ಅವರು ಕೊಡುವುದಿಲ್ಲ, ತಲುಪದಿದ್ದರೆ ದುಡ್ಡನ್ನೂ ವಾಪಸ್ ಕೊಡುವುದಿಲ್ಲ. ನಿಮ್ಮ ಕಬಡ್ಡಿ ಲೀಗಿಗೆ ಮಾಲೀಕರು ಜಡಿದಿರುವ ಬೀಗ ಎಂದು ತೆರೆಯುತ್ತದೆ ಎಂಬುದನ್ನು ಬರೆಯಲು ಅವರ ಕಾನೂನಿನಲ್ಲಿ ಅವಕಾಶವಿಲ್ಲ. ಆಗಿಹೋದದ್ದನ್ನು ಬರೆಯಬಹುದು. ನನ್ನ ಅಂದಾಜು ಸರಿಯಿದ್ದರೆ ನೀವು ಕೈಯಲ್ಲಿ ಕಾಸಿಲ್ಲವೆಂದು ಎಲ್ಲರೆದುರು ಕೈ ಎತ್ತಿ ಆಗಿದೆ, ಪತ್ರಿಕೆಗಳು 'ದಿವಾಳಿಯೆದ್ದ ನಾಯಕಿ' ಎಂದು ಬರೆದಾಗಿದೆ, ಬೂಟಿನ ಕಂಪನಿ ನಿಮ್ಮ ಚಿತ್ರ ಇಳಿಸಿದೆ, ಕೊಪ್ಪರಿಗೆ ಮನೆಗೆ ಬಂದಿದೆ, ನಿಮ್ಮ ಅತ್ತೆ ಮಾತು ಬಿಟ್ಟಿದ್ದಾರೆ. ಅವರು ಮಾತು ಬಿಡುವ ಮುಂಚೆ ಆಡಿದ ಕೊನೆಯ ಮಾತು ನಮ್ಮ ಮನೆಯಲ್ಲಿ ಆಸ್ತಿಯ ಹಾಗೆ ಇಳಿದುಬಂದಿದೆ: "ಬಾಡಿಗಿ ಕಟ್ಟಾಕ ರೊಕ್ಕ ಇಲ್ಲಂತ ಊರ ಮುಂದ ಕೈ ಎತ್ತಿದಾಕಿ, ಮುಂದಿನ ವಾರ ಕೊಪ್ಪರಿಗಿ ಹೊರಸಿಕೊಂಡು ಬಂದಾಳ ನೋಡ್ರವಾ!"

ಅಜ್ಜೀ, ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಹುಚ್ಚಾಪಟ್ಟೆ ಖರ್ಚು ಮಾಡಿದರೆ ಇಂದಿಗೂ ಅದಕ್ಕೆ ಫಕ್ಕೀರವ್ವನ ಲೆಕ್ಕ ಎನ್ನುತ್ತಾರೆ. ನಾನೂ ಅಂದಿದ್ದೇನೆ. ಹೋದ ಸೋಮವಾರದ ತನಕ ಅನ್ನುತ್ತಲೇ ಇದ್ದೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಮ್ಮ ಕಬಡ್ಡಿ ನಿಮಗೆ ಗುರುತು ಸಿಗುತ್ತದೆ. ಏಳು ಮಂದಿ, ಒಂದು ಗೆರೆ, ಒಂದು ಉಸಿರು. ಬದಲಾದದ್ದೆಂದರೆ ಮುಟ್ಟಂಗಿ. ಎದುರಾಳಿಯ ಉಗುರು ತಾಗಿದರೂ ಸಾಕು, ತಾಗಿದ ಜಾಗ ಕೆಂಪಗೆ ಹೊಳೆಯುವ ಅಂಗಿ ಅದು. ಹೀಗಾಗಿ ಔಟಾದವರು ತಾವಾಗಿ ಕೈ ಎತ್ತಿ ಹೊರಗೆ ನಡೆಯುವ ನಿಮ್ಮ ಕಾಲದ ಮರ್ಯಾದೆ ಅಂಕಣದಲ್ಲಿ ಈಗ ಉಳಿದಿಲ್ಲ, ಅಂಗಿಯೇ ಹೇಳಿಬಿಡುತ್ತದೆ. ಆದರೆ ಜೇಬು ಖಾಲಿಯಾದರೆ ಹೊಳೆಯುವ ಅಂಗಿಯನ್ನು ಇನ್ನೂ ಯಾರೂ ಹೊಲಿದಿಲ್ಲ. ಅಲ್ಲಿ ಇವತ್ತಿಗೂ ನಾವೇ ಕೈ ಎತ್ತಬೇಕು.

ಇನ್ನೊಂದು ನೆರಳಾಟ. ನಮ್ಮ ಓಟ, ಹಿಡಿತ, ಉಸಿರು ಎಲ್ಲವನ್ನೂ ಯಂತ್ರದಲ್ಲಿ ತುಂಬಿಕೊಂಡು, ನಾವಿಲ್ಲದ ಊರುಗಳಲ್ಲಿ ನಮ್ಮ ನೆರಳುಗಳನ್ನು ಆಡಿಸುತ್ತಾರೆ. ಮೊನ್ನೆ ಧಾರವಾಡದಲ್ಲಿ ನನ್ನ ನೆರಳು ಹನ್ನೊಂದು ಅಂಕ ತೆಗೆದು ಜನರನ್ನು ಎದ್ದು ನಿಲ್ಲಿಸಿತಂತೆ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದೆ. ನೆರಳಿನ ದುಡಿಮೆಯಲ್ಲಿ ನಮಗೂ ಪಾಲು ಕೊಡಿ ಎಂದು ಕೇಳಿದೆವು. ಮಾಲೀಕರ ಕೂಟ ಪಾಲು ಕೊಡಲಿಲ್ಲ, ಅಂಕಣಗಳಿಗೆ ಬೀಗ ಜಡಿದು ಸಂಬಳ ನಿಲ್ಲಿಸಿತು. ನಾವು ಈಗ ಹೊರಗಿನ ಎರೆಮಣ್ಣಿನ ಅಂಗಳದಲ್ಲಿ ಬೆಳಿಗ್ಗೆ ಅಭ್ಯಾಸ ಮಾಡಿ, ಮಧ್ಯಾಹ್ನ ಸಿಕ್ಕ ಕೆಲಸಕ್ಕೆ ಹೋಗುತ್ತೇವೆ.

ಆಟಗಾರರ ದುಡ್ಡಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಮೊಣಕಾಲು ಗಟ್ಟಿಯಿರುವ ಏಳೆಂಟು ವರ್ಷದಲ್ಲಿ ಬದುಕಿಡೀ ಉಣ್ಣುವಷ್ಟು ದುಡಿಯಬೇಕು. ಗಾಳಿ ಬಂದಾಗ ತೂರಿಕೋ ಎಂದು ಎಲ್ಲರೂ ಹೇಳುತ್ತಾರೆ, ತೂರಿದ್ದನ್ನು ಹೊತ್ತುಕೊಂಡು ಹೋಗಲು ನೆಂಟರೂ ಚೀಲ ಹಿಡಿದು ನಿಂತಿರುತ್ತಾರೆ. ಬೀಗ ಬಿದ್ದ ಮೇಲೆ ಕೇಳಬೇಕೇ? ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಅದಕ್ಕೇ ನಮ್ಮಲ್ಲಿ ಪ್ರತಿ ಸಂಬಳದ ಹತ್ತನೆಯ ಒಂದು ಭಾಗವನ್ನು ಬೀಜದ ಪಾಲೆಂದು ಎತ್ತಿಡುತ್ತೇವೆ. ಬಿತ್ತುವ ಕಾಳನ್ನು ಹಸಿವಾದರೂ ತಿನ್ನಬಾರದು ಎಂಬ ಲೆಕ್ಕ ಅದು. ಎಲ್ಲ ಆಟಗಾರ್ತಿಯರ ಆ ಪಾಲು ಸೇರಿದರೆ ಜೀವದ ಗಂಟು. ಆಟ ನಿಂತಾಗ ಒಬ್ಬೊಬ್ಬಳೂ ತನ್ನ ಉಳಿತಾಯದಲ್ಲಿ ಬದುಕುತ್ತಾಳೆ. ಅದು ಮುಗಿದ ದಿನ ಎಲ್ಲರೆದುರು ಕೈ ಎತ್ತಿ ಹೊರಗಿನ ಬೆಂಚಿನ ಮೇಲೆ ಕೂರುತ್ತಾಳೆ. ಪ್ರತಿ ಸೋಮವಾರ ಗಂಟಿನಿಂದ ಮೂವರಿಗೆ ಜೀವದ ಹಣ, ಮೊದಲು ಔಟಾದವರಿಗೆ ಮೊದಲು, ಅಂಕಣದಲ್ಲಿ ಇರುವ ಹಾಗೆಯೇ.

ಈ ನಿಯಮ ನಿಮ್ಮದು. ನಿಮ್ಮ ಸಂಘದಲ್ಲಿ ಗಂಟು ಮೊದಲೇ ಇತ್ತು. ಬೇಕಾದವರು ಅರ್ಜಿ ಹಾಕಿ ಎಂದರೆ ಯಾರೂ ಹಾಕಲಿಲ್ಲ. ಮೊಣಕಾಲು ಊದಿದ್ದರೆ ಬಟ್ಟೆ ಸುತ್ತಿ ಮುಚ್ಚಿಟ್ಟು ಆಡುವ ಜಾತಿ ನಮ್ಮದು, ಜೇಬಿನ ನೋವನ್ನೂ ಹಾಗೇ ಮುಚ್ಚುತ್ತೇವೆ. ಅರ್ಜಿ ಹಾಕುವ ಬದಲು ಹಿಂಬಾಗಿಲಿನಿಂದ ಹೋಗಿ ಮಾಲೀಕರ ಷರತ್ತಿನ ಕಾಗದಕ್ಕೆ ಸಹಿ ಹಾಕಿ ಬರುತ್ತಿದ್ದರಂತೆ ನಿಮ್ಮ ಹುಡುಗಿಯರು. ಆಗ ಎಲ್ಲರಿಗಿಂತ ಹೆಚ್ಚು ಸಂಬಳದ ನೀವು ಅಂಗಳದ ನಡುವೆ ನಿಂತು, "ನಾ ಔಟ್ ಆಗೇನಿ" ಎಂದು ಕೈ ಎತ್ತಿದಿರಿ.

ಈಗ ನನ್ನ ಕಥೆ. ನಮ್ಮ ಎಡಮೂಲೆಯಲ್ಲಿ ಹಿಡಿಯುವ ಹುಡುಗಿ ಮೈಲಿ. ಮೈಲಾರದ ಕಡೆಯವಳು, ಇಪ್ಪತ್ತೊಂದು ವರ್ಷ, ಮೊಂಡುತನಕ್ಕೆ ಇನ್ನೊಂದು ಹೆಸರು. ಕಳೆದ ತಿಂಗಳು ಅವಳು ಬರಿಗಾಲಲ್ಲಿ ಅಭ್ಯಾಸಕ್ಕೆ ಬಂದಳು. ಬೂಟೆಲ್ಲಿ ಎಂದರೆ, "ಬರಿಗಾಲಾಗ ಹಿಡಿತ ಚಲೋ ಸಿಗತೈತಕ್ಕಾ" ಎಂದಳು. ಎರೆಮಣ್ಣಿನ ಬಿರುಕಿನಲ್ಲಿ ಬರಿಗಾಲಿನ ಹಿಡಿತ ಎಷ್ಟು ಚಲೋ ಎಂದು ನನಗೆ ಗೊತ್ತಿಲ್ಲವೇ? ಬೂಟು ಮಾರಿದ್ದಳು. ನಾನು ಬೇರೆ ಕರೆದು ಸ್ವಲ್ಪ ಹಣ ಕೊಡಲು ಹೋದೆ. "ನನಗೇನ್ ಕಡಿಮಿ ಆಗೈತಿ? ನಿನ್ನ ರೊಕ್ಕ ನೀನ ಇಟ್ಕೋ" ಎಂದು ಮುಖ ಕೆಂಪಗೆ ಮಾಡಿಕೊಂಡು ಹೋದಳು. ಅವಳ ತಾಯಿಗೆ ಕಣ್ಣಿನ ಆಪರೇಶನ್ ಆಗಬೇಕಿತ್ತು ಎಂಬುದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಮಾಲೀಕರ ಕಡೆಯವನೊಬ್ಬ ಅವಳ ಮನೆಗೆ ಹೋಗಿ, ಒಂಟಿ ಒಪ್ಪಂದಕ್ಕೆ ಸಹಿ ಹಾಕಿದರೆ ಅರ್ಧ ವರ್ಷದ ಸಂಬಳ ಕೈಗೆ ಕೊಡುವೆ, ಶುಕ್ರವಾರ ಬಾ ಎಂದಿದ್ದನಂತೆ. ಒಬ್ಬಳು ಹೋದರೆ ತಂಡ ಒಡೆಯುತ್ತದೆ, ನಮ್ಮ ತಂಡ ಒಡೆದರೆ ಉಳಿದವೂ ಒಂದು ವಾರ ನಿಲ್ಲುವುದಿಲ್ಲ. ಅದಕ್ಕಿಂತ ನನಗೆ ಸಂಕಟವಾದದ್ದು ಬೇರೆ. ಅವಳು ಸಹಿ ಹಾಕಿದರೆ ಬದುಕಿಡೀ ತಲೆ ತಗ್ಗಿಸಿಯೇ ನಡೆಯುತ್ತಾಳೆ ಎಂದು ನನಗೆ ಗೊತ್ತಿತ್ತು. ಅಂಥ ಹುಡುಗಿ ಅವಳು.

ಗುರುವಾರ ಅಭ್ಯಾಸ ಮುಗಿಸಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದಾಗ ನಾನು ಎದ್ದು ನಿಂತು ಕೈ ಎತ್ತಿದೆ.

ಅಜ್ಜೀ, ನನ್ನ ಉಳಿತಾಯ ಮುಗಿದಿರಲಿಲ್ಲ. ಮುಂದಿನ ಸುಗ್ಗಿಯ ತನಕ ನಡೆಯುವಷ್ಟು ಇತ್ತು. ಮುಟ್ಟಂಗಿಯಿಲ್ಲದ ಅಭ್ಯಾಸದಲ್ಲಿ ಮುಟ್ಟಿದ್ದನ್ನು ಮುಟ್ಟಿಲ್ಲ ಎನ್ನುವವಳನ್ನು ನಾವು ನೀರಿಗೂ ಕರೆಯುವುದಿಲ್ಲ, ಅಂಥದ್ದರಲ್ಲಿ ನಾಯಕಿಯಾದ ನಾನು ಔಟಾಗದೆ ಔಟಾದೆ ಎಂದೆ. ಮೈಲಿ ನನ್ನನ್ನೇ ನೋಡಿದಳು. ಧೂಳು ಕೊಡವಿಕೊಂಡು ಎದ್ದು ಕೈ ಎತ್ತಿ, "ನೀನ ಔಟ್ ಆದ ಮ್ಯಾಲೆ ನಂದೇನ್ ದೊಡ್ಡಸ್ತಿಕಿ ಅಕ್ಕಾ? ನಂದು ಹ್ವಾದ ತಿಂಗಳನ ಮುಗದೈತಿ" ಎಂದಳು. ಹೇಳಿದವಳೇ ಅಳತೊಡಗಿದಳು. ಆಮೇಲೆ ಇನ್ನೊಂದು ಕೈ, ಮತ್ತೊಂದು ಕೈ. ಬೆಂಚು ಸಾಲದೆ ಇಬ್ಬರು ನೆಲದ ಮೇಲೆ ಕುಳಿತರು. ಶುಕ್ರವಾರ ಮಾಲೀಕರ ಮನುಷ್ಯ ಕಾದು ಕಾದು ಚಹಾ ಕುಡಿದು ಹೋದನಂತೆ.

ಸೋಮವಾರ ಜೀವದ ಹಣ ಬಂತು. ಮೊದಲ ಪಾಲು ನನಗೆ. ಮೈಲಿಗೂ ಸಿಕ್ಕಿತು, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ನನ್ನ ಪಾಲನ್ನು ಮಾತ್ರ ಕೈಯಲ್ಲಿ ಹಿಡಿಯಲಾಗದೆ, ಬಿಡಲಾಗದೆ ಕುಳಿತೆ. ಇನ್ನೂ ಬೆಂಚಿನಲ್ಲಿರುವವರ ತುತ್ತು ಅದು. ಹಿಂದಕ್ಕೆ ಕೊಡೋಣವೆಂದರೆ ಸುಳ್ಳು ಬಯಲಾಗುತ್ತದೆ, ಮೈಲಿಯನ್ನು ಚಿಕ್ಕ ಮಗುವಿನ ಹಾಗೆ ಪುಸಲಾಯಿಸಿದ್ದೆ ಎಂದು ಅವಳಿಗೇ ತಿಳಿಯುತ್ತದೆ. ಒಬ್ಬೊಬ್ಬರಿಗೆ ಗುಟ್ಟಾಗಿ ಹಂಚಲು ಹೋದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಊಟಕ್ಕೆ ಕರೆದರೆ ಯಾವ ಮೊಂಡಿಯೂ ಬೇಡವೆನ್ನಲಾರಳು ಎಂದು ಹೊಳೆಯಿತು. ಪೇಟೆಗೆ ಹೋಗಿ ಆ ಪೂರ್ತಿ ಹಣಕ್ಕೆ ಜೋಳ, ಬೇಳೆ, ಶೇಂಗಾ, ಬೆಲ್ಲ ತಂದೆ. ಇಷ್ಟು ಮಂದಿಗೆ ಬೇಯಿಸುವ ಪಾತ್ರೆ ಎಲ್ಲಿದೆ? ನಮ್ಮ ಮನೆಯ ಅಟ್ಟದ ಮೇಲೆ, ಐದು ತಲೆಮಾರಿನಿಂದ ಬೈಸಿಕೊಂಡು ಕೂತಿತ್ತು.

ಅದನ್ನು ಇಳಿಸಿ ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಾಗ ನನ್ನ ಕೈ ನಿಂತಿತು. ಕೈಯಲ್ಲಿ ನಿಜವಾಗಿ ಕಾಸಿಲ್ಲದವಳು ಮೊದಲ ಜೀವದ ಹಣದಲ್ಲಿ ಬಾಡಿಗೆ ಕಟ್ಟುತ್ತಾಳೆ, ಅಂಗಡಿಯ ಬಾಕಿ ತೀರಿಸುತ್ತಾಳೆ. ಇಡೀ ತಂಡಕ್ಕೆ ಅಡುಗೆಯಾಗುವ ತಾಮ್ರದ ಕೊಪ್ಪರಿಗೆ ಕೊಳ್ಳುವುದಿಲ್ಲ. ನಿಮ್ಮ ಅತ್ತೆ ಇದನ್ನು ಬಾಯಿಬಿಟ್ಟು ಹೇಳಿದರು, ನೀವು ಬುದ್ಧಿಗೇಡಿ ಎಂಬುದಕ್ಕೆ ಸಾಕ್ಷಿಯಾಗಿ. ನಾವೂ ಐದು ತಲೆಮಾರು ಹಾಗೆಯೇ ಕೇಳಿ ನಕ್ಕೆವು. ನಿಮ್ಮ ಬೂಟಿನ ಕಂಪನಿ, ನಿಮ್ಮ ಹೆಸರು, ಮನೆಯಲ್ಲಿ ನಿಮಗಿದ್ದ ಮಾತು, ಎಲ್ಲವನ್ನೂ ಬಿಟ್ಟುಕೊಟ್ಟು ನೀವು ಯಾರನ್ನು ಉಳಿಸಿಕೊಂಡಿರೋ ನನಗೆ ತಿಳಿಯದು. ನಿಮ್ಮ ತಂಡದಲ್ಲೂ ಬೂಟು ಮಾರಿದವಳೊಬ್ಬಳು ಇದ್ದಿರಬೇಕು. ಕೊಪ್ಪರಿಗೆ ತಿಕ್ಕುತ್ತ ನಾನು ಅತ್ತುಬಿಟ್ಟೆ. ನಿಮ್ಮ ಮೇಲೆ ಬಹಳ ಪ್ರೀತಿ ಬಂತು. ಅದನ್ನು ಹೇಳಲು ನೀವು ನೂರಕ್ಕೂ ಹೆಚ್ಚು ವರ್ಷ ದೂರದಲ್ಲಿದ್ದೀರಿ, ನನ್ನ ಒಂದೇ ಒಂದು ಪತ್ರವನ್ನು ಅದಕ್ಕೇ ಖರ್ಚು ಮಾಡುತ್ತಿದ್ದೇನೆ. ಇದೂ ಫಕ್ಕೀರವ್ವನ ಲೆಕ್ಕವೇ.

ಅಂದಿನಿಂದ ದಿನವೂ ಅಂಗಳದಲ್ಲಿ ಒಲೆ ಹಚ್ಚುತ್ತೇವೆ. ಬೀಗ ಇನ್ನೂ ತೆಗೆದಿಲ್ಲ. ಬೇರೆ ತಂಡದವರೂ ಬಂದು ಉಣ್ಣುತ್ತಾರೆ, ಕೈಲಾದವರು ಒಂದೊಂದು ಸೇರು ಕಾಳು ತರುತ್ತಾರೆ. ನಿಮ್ಮ ಕೊಪ್ಪರಿಗೆಯ ಒಂದು ಕಿವಿ ಸಡಿಲಾಗಿದೆ, ಮತ್ತೆಲ್ಲ ಗಟ್ಟಿಯಾಗಿದೆ.

ಒಂದು ಬಿನ್ನಹ ಮಾಡಿ ಮುಗಿಸುತ್ತೇನೆ. ನಿಮ್ಮ ಜೇಬು ಅಂದು ಖಾಲಿಯಾಗಿತ್ತೋ ತುಂಬಿತ್ತೋ, ಯಾರಿಗೂ ಹೇಳಬೇಡಿ. ಅತ್ತೆ ಮತ್ತೆ ಮಾತಾಡಲಿ ಎಂಬ ಆಸೆಗೂ ಹೇಳಬೇಡಿ, ಸಾಯುವಾಗ ಮಕ್ಕಳಿಗೂ ಹೇಳಬೇಡಿ. ಖಾಲಿಯಾಗಿತ್ತು ಎಂದು ಎಲ್ಲರೂ ನಂಬಿದ್ದರಿಂದಲೇ ಇಷ್ಟು ವರ್ಷ ಇಷ್ಟು ಹುಡುಗಿಯರು ನಾಚಿಕೆ ಬಿಟ್ಟು ಕೈ ಎತ್ತಿದರು. ಮೈಲಿಯೂ ಎತ್ತಿದಳು. ನಾನೂ ಹೇಳುವುದಿಲ್ಲ. ನನ್ನ ಮೊಮ್ಮಕ್ಕಳು ನನ್ನನ್ನೂ ದುಡ್ಡಿನ ಬುದ್ಧಿ ಇಲ್ಲದವಳು ಎಂದು ನಗಲಿ.

ನುಚ್ಚು ಬೆಂದಿದೆ. ಒಲೆಯ ಹತ್ತಿರದಿಂದ ಮೈಲಿ ತಟ್ಟೆ ಬಡಿದು ಕೂಗುತ್ತಿದ್ದಾಳೆ: "ದ್ಯಾಮಕ್ಕಾ, ಮೊದಲ ಔಟ್ ಆದಾಕಿ ನೀನ, ಮೊದಲ ತುತ್ತೂ ನಿಂದ. ಬಾ ಲಗೂನ!" ಕಡೆಗೆ ಉಣ್ಣುತ್ತೇನೆ ಎಂದರೆ ಈ ಹುಡುಗಿ ಕೇಳುವುದಿಲ್ಲ. ನೀವು ಮಾಡಿದ ನಿಯಮ, ನಾನು ಮೀರುವ ಹಾಗಿಲ್ಲ. ಆ ಮೊದಲ ತುತ್ತನ್ನು ಅಂದು ನೀವು ಹೇಗೆ ನುಂಗಿದಿರೋ, ಅಜ್ಜೀ, ಈಗ ನಾನೂ ಹಾಗೇ ನುಂಗಲು ಹೊರಟಿದ್ದೇನೆ.

ನಿಮ್ಮ
ದ್ಯಾಮವ್ವ