ಮೂರು ದಿನದ ಚಾಪೆ

ಪೆರಂಬೂರು, ಮದರಾಸು
೧೪ ಆಗಸ್ಟ್ ೧೯೬೨

ಚಿ. ಸೌ. ಅಂಬುಜಾ,

ನೀನೂ ಮಗುವೂ ಕ್ಷೇಮವೆಂದು ನಿಮ್ಮಪ್ಪ ಸೇಲಂನಿಂದ ಬರೆದ ಕಾಗದ ಸೇರಿತು. ಬಾಣಂತನ ಮುಗಿಸಿ ನೀನು ಬರುವ ಮುನ್ನ ಒಂದು ವಿಷಯ ಬರೆಯಬೇಕು. ಎದುರಿಗೆ ಕೂತು ಹೇಳುವುದು ನಿನ್ನ ಅತ್ತೆಗೆ ಬಾರದೆಂದು ನಿನಗೆ ಗೊತ್ತೇ ಇದೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ತಿರುಮಲ ರಜೆ ಹಾಕಿ ಅಮ್ಮನ ಜೊತೆಗೆ ಬರುತ್ತೇನೆಂದ. ಬೇಡವೆಂದು ಒಬ್ಬಳೇ ಬಸ್ಸು ಹತ್ತಿದೆ.

ಕಾಯಿಲೆಯ ಹೆಸರು ಬರೆಯಲು ಈಗ ನನಗೆ ನಾಚಿಕೆಯಿಲ್ಲ. ಯೋನಿಯ ಕ್ಯಾನ್ಸರ್. ಎರಡು ವರ್ಷದ ಹಿಂದೆ ನಾಚಿದ್ದರಿಂದಲೇ ಏಳು ತಿಂಗಳು ಹಾಳು ಮಾಡಿದೆ. ನಿಂತು ಎಂಟು ವರ್ಷವಾಗಿದ್ದ ಮುಟ್ಟು ಮತ್ತೆ ಬಂತೆಂದುಕೊಂಡು, ರಕ್ತ ಕಂಡಾಗಲೆಲ್ಲ ಹಿತ್ತಲ ಜಗಲಿಯಲ್ಲಿ ಮೂರು ದಿನ ಚಾಪೆ ಹಾಸಿ ದೂರ ಕೂತೆ. ಈ ವಯಸ್ಸಿನಲ್ಲೂ ಆಚಾರ ಬಿಡಲಿಲ್ಲವೆಂಬ ಹೆಮ್ಮೆ ಬೇರೆ. ನೀನು ಮಾತ್ರ ಆ ದಿನಗಳಿಗೆಲ್ಲ ಪಂಚಾಂಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಅದನ್ನು ನನ್ನ ಮುಂದಿಟ್ಟೆ. "ಹತ್ತು ದಿನಕ್ಕೊಂದು ಸಲ ಯಾರಿಗೂ ಮುಟ್ಟಾಗಲ್ಲ ಅತ್ತೆ. ಡಾಕ್ಟರ ಹತ್ರ ಹೋಗೋಣ." ನಿನ್ನ ಬುದ್ಧಿಯನ್ನು ನಿನ್ನ ತೌರಿನಲ್ಲಿಟ್ಟುಕೋ ಎಂದು ನಾನು ಬೈದೆ. ನೀನು ಸೀರೆ ಬದಲಿಸಿ ಬಂದು ಬಾಗಿಲಲ್ಲಿ ನಿಂತೇ ಇದ್ದೆ.

ಕೊನೆಗೆ ನಿನ್ನ ಜೊತೆ ಆಸ್ಪತ್ರೆಗೆ ಹೋದೆ. ಗಂಟು ಚಿಕ್ಕದು, ಅಕ್ಕಪಕ್ಕಕ್ಕೆ ಹರಡಿಲ್ಲ ಎಂದರು ಡಾಕ್ಟರಮ್ಮ. ಈ ಹಂತದಲ್ಲಿ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರಂತೆ. ಇನ್ನು ಆರು ತಿಂಗಳು ತಡವಾಗಿದ್ದರೆ ಆ ಮಾತು ಹೇಳುತ್ತಿರಲಿಲ್ಲವಂತೆ. ಐದು ವಾರ ಹೊರಗಿನಿಂದ ಕಿರಣ ಕೊಟ್ಟರು. ಮೂತ್ರಕ್ಕೆ ಹೋದರೆ ಉರಿ, ಅನ್ನ ಕಂಡರೆ ವಾಕರಿಕೆ. ಸಾಕು, ಮನೆಯಲ್ಲೇ ಸಾಯುತ್ತೇನೆಂದು ನಾನು ಹಟ ಹಿಡಿದ ದಿನ ನೀನು ಮಜ್ಜಿಗೆ ಅನ್ನದ ಡಬ್ಬಿ ತೆರೆದೆ.

ಆಮೇಲೆ ರೇಡಿಯಂ. ಅದನ್ನು ಒಳಗಿಟ್ಟು ಮೂರು ದಿನ ಅಲುಗಾಡದೆ ಮಲಗಿಸಿದರು. ಯಾರೂ ಹತ್ತಿರ ಬರಬಾರದು, ಮುಟ್ಟಬಾರದು. ನರ್ಸ್ ಕೂಡ ಅವಸರದಲ್ಲಿ ಕೆಲಸ ಮುಗಿಸಿ ಓಡುತ್ತಿದ್ದಳು. ನೀನು ಹೊಸ್ತಿಲಾಚೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ಎರಡನೆಯ ದಿನ ನನ್ನ ಕಣ್ಣಲ್ಲಿ ನೀರು ಕಂಡು ಹೇಳಿದೆ: "ಮೂರೇ ದಿನ ಅತ್ತೆ. ನಾನು ತಿಂಗಳು ತಿಂಗಳೂ ಇರ್ತೀನಲ್ಲ."

ಅದು ಸಮಾಧಾನವೋ, ಚುಚ್ಚುಮಾತೋ, ನಾನು ಇವತ್ತಿನವರೆಗೆ ಕೇಳಿಲ್ಲ. ಎರಡೂ ಇದ್ದರೆ ತಪ್ಪಿಲ್ಲ. ಹನ್ನೊಂದು ವರ್ಷ ನಿನ್ನನ್ನು ಆ ಜಗಲಿಯಲ್ಲಿ ಕೂರಿಸಿದವಳು ನಾನು. ಅಲ್ಲಿ ಮಲಗಿ ಮನೆಯವರ ಮಾತು ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ನನಗೂ ಒಂದು ಕಾಲಕ್ಕೆ ಗೊತ್ತಿತ್ತು. ಅತ್ತೆಯಾದ ಮೇಲೆ ಮರೆತೆ.

ನಿನ್ನೆ ಡಾಕ್ಟರಮ್ಮ ಪರೀಕ್ಷಿಸಿ, ಎರಡು ವರ್ಷವಾಯಿತು, ಏನೂ ಇಲ್ಲ, ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಐದು ತುಂಬುವವರೆಗೆ ಖಂಡಿತ ಹೇಳಲಾರರಂತೆ. ಅವರು ಹೇಳದಿದ್ದರೂ ನಾನು ತುಂಬಿಸುತ್ತೇನೆ.

ಮನೆಗೆ ಬಂದವಳೇ ಜಗಲಿಯ ಚಾಪೆಯನ್ನು ಎಸೆದೆ. ನಿನ್ನ ಬೇರೆ ತಟ್ಟೆ, ಲೋಟ ಬೆಳಗಿ ಅಡಿಗೆಮನೆಯಲ್ಲಿಟ್ಟಿದ್ದೇನೆ. ಇನ್ನು ಆ ದಿನಗಳಲ್ಲೂ ನೀನು ಒಳಗೇ ಮಲಗು. ದೇವರಮನೆಗೆ ಮಾತ್ರ ಬರಬೇಡ. ಅಷ್ಟರಮಟ್ಟಿಗೆ ನಾನು ಇನ್ನೂ ಗೋದಾಬಾಯಿಯೇ.

ನಿನ್ನ ಮಗಳಿಗೆ ಮೂರು ತುಂಬುವ ವರ್ಷ ನನಗೆ ಐದು ತುಂಬುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಪಾಯಸ ಮಾಡು. ಮುತ್ತೈದೆಯಾಗಿ, ಮನೆತುಂಬ ಓಡಾಡಿಕೊಂಡು ನೂರು ವರ್ಷ ಬಾಳು.

ನಿನ್ನ ಅತ್ತೆ,
ಗೋದಾಬಾಯಿ