ಕಥೆಗೆ ಸೇರದ ತುಣುಕುಗಳು

ಮನೆಯಿಂದ
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ, ಇನ್ನೂ ಗೋಡೆ ಹಿಡಿದುಕೊಂಡೇ ಏಳುತ್ತಿದ್ದೀಯೋ? ನಿನ್ನ ಹೆಂಡತಿಗೆ ಹೊಸ ಕೆಲಸ ಹಿಡಿಸಿತೇ? ನಿನ್ನ ಮಗಳು ಪುಟ್ಟಿಯ ಮುಂದಿನ ಹಲ್ಲು ಬಿತ್ತಂತೆ. ಬಾಯಿ ಮುಚ್ಚಿಕೊಂಡು ನಗುತ್ತಾಳೆ ಎಂದು ಬರೆದಿದ್ದೀಯ. ಅವಳ ವಯಸ್ಸಿನಲ್ಲಿ ನೀನೂ ಹಾಗೇ ಮಾಡುತ್ತಿದ್ದೆ. ನಾನು ಚೆನ್ನಾಗಿದ್ದೇನೆ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೈತುಂಬ ಕೆಲಸ, ಕಿವಿತುಂಬ ನಾನು ಕತ್ತರಿಸಿ ತೆಗೆಯಬೇಕಾದ ಜನರ ಕೆಮ್ಮು.

ಪುಟ್ಟಿಗೆಂದು ಅಪ್ಪ ಹೇಳಿದ ಕಳೆದ ವಾರದ ಕಥೆ ಬಹಳ ಚೆನ್ನಾಗಿತ್ತು, ಎಲ್ಲೂ ತಡವರಿಸಿಲ್ಲ ಎಂದು ಬರೆದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಪ್ರತಿ ಶನಿವಾರ ನನ್ನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ದನಿ ಮಾರ್ದನಿಸದಂತೆ ಬಟ್ಟೆ ಬೀರುವಿನ ಬಾಗಿಲು ತೆರೆದಿಟ್ಟು ಅಪ್ಪನನ್ನು ಮೈಕಿನ ಮುಂದೆ ಕೂರಿಸುತ್ತೇನೆ. ರೈಲು ನಿಲ್ದಾಣದ ಮೈಕಿನ ಮುಂದೆ ಆಯುಷ್ಯ ಕಳೆದವರು, ಮೈಕ್ ಕಂಡರೆ ಈಗಲೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾರೆ. ತಪ್ಪಿದ ಸಾಲನ್ನು ಅವರು ಮತ್ತೆ ಹೇಳುತ್ತಾರೆ, ನಾನು ಚೆನ್ನಾಗಿ ಬಂದದ್ದನ್ನು ಆರಿಸಿ ಜೋಡಿಸುತ್ತೇನೆ. ಜೋಡಿಸಿ ಮುಗಿದ ಮೇಲೆ ಕಥೆಗೆ ಸೇರದ ರೆಕಾರ್ಡಿಂಗ್‌ಗಳೆಲ್ಲ ಕಂಪ್ಯೂಟರಿನಲ್ಲಿ ಒಂದು ಕಡೆ ಬಿದ್ದಿರುತ್ತವೆ. ಬಳಸದೆ ಉಳಿದದ್ದು ಯಾವುದೆಂದು ಅದೇ ಗುರುತು ಹಾಕಿಕೊಡುತ್ತದೆ. ಅಳಿಸಲೇ ಎಂದು ಕೇಳುತ್ತದೆ, ಅಳಿಸಿದರೆ ಮತ್ತೆ ಸಿಗುವುದಿಲ್ಲ ಎಂದು ಎಚ್ಚರಿಸುತ್ತದೆ. ನಾನು ಹೂಂ ಎನ್ನುತ್ತೇನೆ. ಮನೆ ಗುಡಿಸಿ ಕಸ ಹೊರಗೆ ಹಾಕಿದ ಹಾಗೆ, ದಿನಾ ಮಾಡುವ ಕೆಲಸ.

ಮೊದಲೆಲ್ಲ ಆ ಕಸ ಒಂದು ಹಿಡಿಯಷ್ಟಿರುತ್ತಿತ್ತು. ಈಗ ಕಥೆಗಿಂತ ಕಸವೇ ಹೆಚ್ಚು. ಕಥೆಯ ನರಿ ಎಲ್ಲಿಗೆ ಹೊರಟಿತ್ತು ಎಂಬುದು ಅಪ್ಪನಿಗೆ ನಡುವೆ ಮರೆತುಹೋಗುತ್ತದೆ. ಮುಗಿದ ಕಥೆ ಮತ್ತೆ ಶುರುವಾಗುತ್ತದೆ. ಅಪ್ಪನಿಗೆ ಮರೆವು ಬಂದಿದೆ ಕಣೋ, ಇದು ಬರೀ ವಯಸ್ಸಿನ ಮರೆವಲ್ಲ ಎಂದು ನನಗೆ ಭಯ. ಡಾಕ್ಟರ ಹತ್ತಿರ ಹೋಗೋಣ ಎಂದರೆ "ನಂಗೇನಾಗಿದೆ, ನಿನ್ ಕಿವಿನೇ ಜಾಸ್ತಿ ಚುರುಕಾಗಿದೆ" ಎಂದು ನಗಿಸಿ ಜಾರಿಕೊಳ್ಳುತ್ತಾರೆ. ಕಳೆದ ಶನಿವಾರ ಮಾತ್ರ ನಗಿಸಲಿಲ್ಲ. "ಬೇಡದ್ದೆಲ್ಲ ಅಳಿಸಿಬಿಡಮ್ಮ, ಅವನಿಗೆ ಒಳ್ಳೇದಷ್ಟೇ ಹೋಗ್ಲಿ" ಎಂದರು. ಅಂದಿನಿಂದ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ನನ್ನ ಬಾಯಲ್ಲಿದೆ. ನನ್ನ ಮಾತು ಅವರಿಗೆ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ನೀನು ಎದುರಿಗೆ ನಿಂತು ಹೇಳಿದರೆ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾರೆ. ಮಗನೆಂದರೆ ಮೊದಲಿಂದಲೂ ಅಷ್ಟೇ. ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ, ಸೋಮಾರಿತನ ಮಾಡಬೇಡ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಪುಟ್ಟಿಗೆ ಬಿದ್ದ ಹಲ್ಲಿನ ಜಾಗ ಬಿಟ್ಟು ಎರಡೂ ಕೆನ್ನೆಗೆ ಮುತ್ತು. ಎಲ್ಲರೂ ಸುಖವಾಗಿರಿ.

ನಿನ್ನ
ಅಕ್ಕ

ತಾ.ಕ.: ಅಳಿಸಲೇ ಎಂದು ಕೇಳಿದಾಗ ಈ ಸಲ ಬೇಡ ಎಂದೆ. ಕಳೆದ ವಾರದ ಕಥೆಯ ಆ ತುಣುಕುಗಳನ್ನು ಇದರ ಜೊತೆ ಕಳಿಸಿದ್ದೇನೆ. ಪುಟ್ಟಿ ಹತ್ತಿರ ಇಲ್ಲದಾಗ ಒಬ್ಬನೇ ಕೂತು ಕೇಳು. ನೀನು ಮೆಚ್ಚಿದ ಕಥೆಯಲ್ಲಿ ಅಪ್ಪ ಅವಳನ್ನು ಹೆಸರು ಹಿಡಿದು ಕರೆಯುತ್ತಾರಲ್ಲ, ಆ ಹೆಸರು ಅವತ್ತು ಹೇಳಿದ್ದಲ್ಲ, ಹೋದ ವರ್ಷದ ಕಥೆಯಿಂದ ಕತ್ತರಿಸಿ ನಾನು ಅಂಟಿಸಿದ್ದು. ಅವತ್ತು ಅವರಿಗೆ ಹೆಸರು ಬರಲೇ ಇಲ್ಲ. ನಾನು ಹೇಳಿಕೊಟ್ಟ ಮೇಲೆ ಎಷ್ಟೋ ಸಲ ಹೇಳಿದರು, ಆದರೆ ಒಂದೂ ಮಗುವಿಗೆ ಕೇಳಿಸುವ ಹಾಗಿರಲಿಲ್ಲ, ಪ್ರತಿಯೊಂದರಲ್ಲೂ ಅಳು ಇತ್ತು. ನಿನ್ನ ಹೆಸರು ಇನ್ನೂ ನೆನಪಿದೆ. ಬೇಗ ಬಾ.