‘ನಮ್ಮಣ್ಣ’ ಅಂದುಬಿಟ್ಟೆ

ಹೊಲಿಗೆ ಅಂಗಡಿಯ ಮಹಡಿ,
ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳೋ ಪೈಕಿ ನೀನಲ್ಲ, ಗೊತ್ತು. ಬಾವ ಹೋದಮೇಲೆ ಒಬ್ಬಳಿಗೇ ಒಲೆ ಹಚ್ಚೋಕೆ ಬೇಜಾರು ಅಂತ ಬರೆದಿದ್ದೆ. ಇಲ್ಲೂ ಅದೇ ಕಥೆ. ಅವನು ಹೋದಮೇಲೆ ಒಬ್ಬನಿಗೆ ಎಷ್ಟು ಬೇಯಿಸಬೇಕು ಅನ್ನೋ ಅಳತೆ ನನಗಿನ್ನೂ ಸಿಕ್ಕಿಲ್ಲ. ಅಳತೆ ತೆಗೆದೇ ಹೊಟ್ಟೆ ಹೊರೆದ ದರ್ಜಿ ನಾನು, ನಗು ಬರುತ್ತೆ. ಮೆಷಿನ್ ನಿಲ್ಲಿಸಿದರೆ ಮನೆ ಬಿಕೋ ಅನ್ನುತ್ತೆ, ಅದಕ್ಕೇ ಬೇಡದ ಬಟ್ಟೆಯನ್ನೂ ಹೊಲೀತಾ ಕೂತಿರ್ತೀನಿ.

ಇರಲಿ, ವಿಷಯಕ್ಕೆ ಬರ್ತೀನಿ. ಲೈಬ್ರರಿಯಿಂದ ಒಬ್ಬ ಹುಡುಗಿ ರೆಕಾರ್ಡರ್ ಹಿಡ್ಕೊಂಡು ಬಂದಿದ್ದಳು. ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಪ್ರೀತಿಸಿದರೆ ಜೈಲು ಅನ್ನೋ ಕಾನೂನಿತ್ತಲ್ಲ, ಅದರ ವಿರುದ್ಧ ಬೀದಿಗಿಳಿದವರ ಮಾತನ್ನು ಅವರವರ ಬಾಯಿಂದಲೇ ಕೇಳಿ ಉಳಿಸಿಡ್ತಾರಂತೆ. ಉಳಿದವರೇ ಬೆರಳೆಣಿಕೆ. ನನಗೋ, ಕೇಳೋ ಕಿವಿ ಸಿಕ್ಕರೆ ಸಾಕಲ್ಲ! ಮೊದಲನೇ ಮೆರವಣಿಗೆಗೆ ಬ್ಯಾನರ್ ಹೊಲಿದದ್ದು, ಲಾಠಿ ಬೀಸಿದಾಗ ಅದನ್ನೇ ಹೊದ್ದು ಚರಂಡಿ ಪಕ್ಕ ಮುದುಡಿ ಕೂತದ್ದು, ಕೋರ್ಟಿಗೆ ಅಲೆದದ್ದು, ಕಾನೂನು ರದ್ದಾದ ದಿನ ನಡುಬೀದಿಯಲ್ಲಿ ಗೊಳೋ ಅಂತ ಅತ್ತದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಹೇಳಿದವರಿಗೇ ಒಮ್ಮೆ ಕೇಳಿಸಿ, ಸರಿ ಅಂದಮೇಲೇ ಜೋಪಾನ ಮಾಡೋದು ಅವರ ಪದ್ಧತಿ. ಮೊನ್ನೆ ಕೇಳಿಸಿದಳು. ಏನು ಹೇಳಲಿ ಅಕ್ಕಾ. ಉದ್ದಕ್ಕೂ ಅವನನ್ನು ‘ನಮ್ಮಣ್ಣ’ ಅಂದಿದ್ದೀನಿ! ಕರಪತ್ರಕ್ಕೆ ಅಚ್ಚಿನ ಮೊಳೆ ಜೋಡಿಸಿದ್ದು ನಮ್ಮಣ್ಣ, ಪ್ರೆಸ್ಸಿನ ಕೆಲಸ ಕಳ್ಕೊಂಡದ್ದು ನಮ್ಮಣ್ಣ, ಕೇಸು ಹಾಕಿದ್ದೂ ನಮ್ಮಣ್ಣ. ಬದುಕಿಡೀ ನನ್ನ ಜೊತೆ ಸಂಸಾರ ಮಾಡಿದವನು! ಆ ಹುಡುಗಿ ಪಾಪ, ತಮ್ಮನಿಗೋಸ್ಕರ ಇಷ್ಟೆಲ್ಲ ಮಾಡೋ ಅಣ್ಣ ಯಾರಿಗೆ ಸಿಗ್ತಾರೆ ಅಂದಳು. ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ!

ಬಾಡಿಗೆ ಮನೆ ಸಿಗದೆ ಅಲೆಯುವಾಗ ನೀನೇ ಹೇಳಿಕೊಟ್ಟಿದ್ದೆ, “ಅಣ್ಣ ತಮ್ಮ ಅಂದುಬಿಡ್ರೋ, ಜನರ ಬಾಯಿಗೆ ಬೀಗ ಬೀಳುತ್ತೆ.” ಬಿತ್ತು. ಮನೆ ಸಿಕ್ಕಿತು. ಕೊನೆಗೆ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂರೋಕೂ ಬಿಟ್ಟರು. ನಿನ್ನನ್ನು ದೂರ್ತಿಲ್ಲ ತಾಯಿ, ಆ ಸುಳ್ಳೇ ನಮ್ಮನ್ನು ಕಾಪಾಡಿತು. ಆದರೆ ಕಾನೂನು ಹೋದರೂ ನಾಲಿಗೆಯ ಅಭ್ಯಾಸ ಹೋಗಲಿಲ್ಲ. ಅವನ ಒಡಹುಟ್ಟಿದ ತಮ್ಮ ಬಂದು ದೇಹ ಒಯ್ಯುವಾಗಲೂ ಬಾಗಿಲಲ್ಲಿ ನಿಂತು ‘ಅಣ್ಣಾ’ ಅಂತಲೇ ಅತ್ತೆ. ಹೆಂಡತಿ ಸತ್ತವನಿಗೆ ಸಿಗೋ ಸಮಾಧಾನದ ಮಾತು ಕೂಡ ನನಗೆ ಸಿಗಲಿಲ್ಲ.

ಮಕ್ಕಳಿಗೆ, ಮೊಮ್ಮಗಳಿಗೆ ನನ್ನ ಆಶೀರ್ವಾದ. ನಿನ್ನ ಹರಕೆ ನನ್ನ ತಲೆ ಮೇಲಿರಲಿ.

ನಿನ್ನ ತಮ್ಮ

ತಾ.ಕ.: ಮರೆತೆ ಅಂದ್ಕೋಬೇಡ, ಬರೆಯೋಕೆ ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದೆ: ಮುಂದಿನ ವಾರ ಮತ್ತೆ ರೆಕಾರ್ಡಿಂಗ್. ಈ ಸಲ ‘ನನ್ನವನು’ ಅಂತಲೇ ಹೇಳ್ತೀನಿ. ಆದರೆ ನಾವಿಬ್ಬರೂ ಒಟ್ಟಿಗೆ ಬದುಕಿದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರೋಳು ನೀನೊಬ್ಬಳೇ. ಹುಡುಗಿ ನಿನ್ನ ಮನೆಗೇ ಬರ್ತಾಳೆ, ಹೂಂ ಅನ್ನು. ಮಕ್ಕಳು ಏನಂತಾರೋ ಅಂತ ಹೆದರ್ತೀಯ, ಗೊತ್ತು. ಆದರೂ ‘ಅವನು ನನ್ನ ತಮ್ಮನ ಸಂಗಾತಿ’ ಅಂತ ಒಂದು ಸಲ ಬಾಯಿಬಿಟ್ಟು ಹೇಳು. ನೀನು ಹಾಗೆ ಅಂದದ್ದನ್ನು ನಾನು ಯಾವತ್ತೂ ಕೇಳಿಲ್ಲ ಅಕ್ಕಾ. ಅವನೂ ಕೇಳದೇ ಹೋದ.